ಕೋರ್ಟಿಗೆ ಹೋಗದೆ ನಮ್ಮ ಜಗಳ ಬಗೆಹರಿದ ಬಗೆ

ಗೆಳೆಯನ ಜೊತೆ ಮಾಡುತ್ತಿದ್ದ ವ್ಯವಹಾರ ಮುರಿದು, ಲೆಕ್ಕದ ವಿಷಯಕ್ಕೆ ಮಾತೇ ನಿಂತುಹೋಗಿತ್ತು. ಮೊದಲು ಕಂಡ ವಕೀಲರು ಬರೀ ಕೇಸ್ ಹಾಕುವ ಮಾತಾಡಿದರು. ನನಗೆ ಬೇಕಿದ್ದದ್ದು ಅದಲ್ಲ, ಮಧ್ಯಸ್ಥಿಕೆ; ಅಂದರೆ ಮೂರನೆಯವರೊಬ್ಬರ ನೆರವಿನಿಂದ ಕೂತು ಮಾತಾಡಿ ಬಗೆಹರಿಸಿಕೊಳ್ಳುವುದು.

ನಾನು ತಪ್ಪು ತಿಳಿದದ್ದು ಒಂದಿತ್ತು. ನನ್ನ ವಕೀಲರೇ ಮಧ್ಯಸ್ಥಿಕೆ ಮಾಡುತ್ತಾರೆ ಅಂದುಕೊಂಡಿದ್ದೆ. ಹಾಗಲ್ಲ. ಮಧ್ಯಸ್ಥಗಾರರು ಯಾರ ಪರವೂ ಇರುವುದಿಲ್ಲ, ತೀರ್ಪನ್ನೂ ಕೊಡುವುದಿಲ್ಲ. ಒಪ್ಪುವುದು ಬಿಡುವುದು ನಮ್ಮಿಬ್ಬರ ಕೈಯಲ್ಲೇ. ಇದು ಗೊತ್ತಾದ ಮೇಲೆ ಹುಡುಕಾಟ ಸುಲಭವಾಯಿತು.

ಸಿಕ್ಕ ಮಧ್ಯಸ್ಥಗಾರರಿಗೆಲ್ಲ ನೇರವಾಗಿ ಕೇಳಿದೆ: ಮಧ್ಯಸ್ಥಿಕೆಯ ತರಬೇತಿ ಆಗಿದೆಯಾ? ಪಾಲುದಾರರ ಜಗಳ ಬಗೆಹರಿಸಿದ್ದೀರಾ? ನಮ್ಮಿಬ್ಬರಲ್ಲಿ ಯಾರಾದರೂ ಪರಿಚಯವಾ? ಫೀಸ್ ಗಂಟೆ ಲೆಕ್ಕವೋ, ಒಟ್ಟಿಗೋ? ಒಬ್ಬರು ಸಮಾಧಾನವಾಗಿ ಉತ್ತರಿಸಿದರು. ಅವರ ಹೆಸರನ್ನು ಗೆಳೆಯನಿಗೂ ಕಳಿಸಿದೆ. ಅವನೂ ಒಪ್ಪಬೇಕಲ್ವಾ?

ಅವನು ಒಪ್ಪಿದ ಮೇಲೆ ಆ ಮಧ್ಯಸ್ಥಗಾರರು ನಮ್ಮನ್ನು ಬೇರೆ ಬೇರೆ ಕೂರಿಸಿಯೂ ಮಾತಾಡಿದರು. ಅಲ್ಲಿ ಹೇಳಿದ್ದನ್ನು ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಹೇಳುವುದಿಲ್ಲ ಅಂದರು. ಅಲ್ಲೇ ನನ್ನ ಮನಸ್ಸು ಬಿಚ್ಚಿತು. ಹಣಕ್ಕಿಂತ ಜಾಸ್ತಿ ನೋವಾಗಿದ್ದು ಗೆಳೆಯ ನನ್ನನ್ನು ಕೇಳದೆ ತೀರ್ಮಾನ ಮಾಡಿದ್ದಕ್ಕೆ. ನನ್ನ ಒಪ್ಪಿಗೆ ಪಡೆದು ಅವರು ಅದನ್ನು ಹೇಳಿದಾಗ ಗೆಳೆಯ ಸುಮ್ನೆ ಕೂತ. ಆಮೇಲೆ ಲೆಕ್ಕ ಬೇಗ ಮುಗಿಯಿತು.

ಒಪ್ಪಂದವನ್ನು ಬರೆಸಿ, ಸಹಿಗೆ ಮೊದಲು ನಮ್ಮ ನಮ್ಮ ವಕೀಲರಿಗೆ ತೋರಿಸಿದೆವು. ಹಣ ಕೊಡುವ ಕಂತು ತಪ್ಪಿದರೆ ಏನು ಮಾಡಬೇಕು ಅನ್ನುವ ಸಾಲನ್ನು ನನ್ನ ವಕೀಲರು ಆಗ ಸೇರಿಸಿದರು.