ಗ್ರೀನ್ ಮೇಲೆ ಮೊದಲು ಕಾಯಿನ್, ಆಮೇಲೆ ಬಾಲ್

ಗಾಲ್ಫ್ ಆಡುವಾಗ ಗ್ರೀನ್ (ಬಾಲ್ ಬೀಳಿಸಬೇಕಾದ ಕುಳಿ, ಅಂದರೆ ಹೋಲ್, ಇರುವ ನುಣುಪು ಹುಲ್ಲಿನ ಜಾಗ) ಹತ್ತಿರ ಬರುತ್ತಿದ್ದಂತೆ ನಾನು ಜೇಬಿಂದ ಕಾಯಿನ್ ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತೇನೆ. ಕೋಲಾರದಲ್ಲಿ ನನ್ನ ಜೊತೆ ಆಡುವ ಎಷ್ಟೋ ಜನ ಡ್ರೈವ್, ಅಂದರೆ ಮೊದಲ ಉದ್ದನೆಯ ಹೊಡೆತ, ಎಷ್ಟು ದೂರ ಹೋಯ್ತು ಅಂತ ವಾರಗಟ್ಟಲೆ ಮಾತಾಡುತ್ತಾರೆ, ಆದರೆ ಗ್ರೀನ್ ಮೇಲೆ ಬಾಲ್ ಎತ್ತುವ ಮೊದಲು ಅದರ ಜಾಗ ಗುರುತು ಮಾಡುವುದನ್ನು ಸುಮ್ನೆ ಶಾಸ್ತ್ರಕ್ಕೆ ಮುಗಿಸಿಬಿಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಸ್ಕೋರ್ ಕೆಡುವುದು, ಜೊತೆಯವರಿಗೆ ಬೇಜಾರಾಗುವುದು, ಎರಡೂ ಇಲ್ಲೇ ಜಾಸ್ತಿ.

ಕಾಯಿನ್ ಅನ್ನು ಬಾಲಿನ ಹಿಂದೆ, ಹೋಲ್ ಇಲ್ಲದ ಕಡೆಗೆ, ಬಾಲಿಗೆ ಒತ್ತಿಕೊಂಡಂತೆ ಇಡುತ್ತೇನೆ. ಪಕ್ಕದಲ್ಲಿಟ್ಟರೂ ತಪ್ಪಿಲ್ಲ, ಆದರೆ ಯಾವಾಗಲೂ ಒಂದೇ ಕಡೆ ಇಟ್ಟರೆ ವಾಪಸ್ ಇಡುವಾಗ ಗೊಂದಲ ಇರುವುದಿಲ್ಲ ಅಲ್ವಾ. ಗುರುತು ಮಾಡದೆ ಬಾಲ್ ಎತ್ತಿದರೆ ಒಂದು ಸ್ಟ್ರೋಕ್ ಪೆನಾಲ್ಟಿ, ಅಂದರೆ ಸ್ಕೋರಿಗೆ ಒಂದು ಹೊಡೆತ ಸೇರುತ್ತದೆ. ಬಾಲ್ ಇಟ್ಟ ಮೇಲೆ ಕಾಯಿನ್ ತೆಗೆಯದೆ ಪಟ್ ಮಾಡಿದರೂ (ಬಾಲನ್ನು ಹೋಲ್ ಕಡೆ ಉರುಳುವಂತೆ ಹೊಡೆದರೂ) ಒಂದು. ಒಣಗಿದ ಎಲೆ, ಕಲ್ಲುಚೂರು ನಡೆಯುವುದಿಲ್ಲ; ನಾಣ್ಯ, ಟೀ (ಬಾಲ್ ಇಟ್ಟು ಹೊಡೆಯುವ ಚಿಕ್ಕ ಗೂಟ), ಇಲ್ಲವೇ ಅಂಗಡಿಯ ಮಾರ್ಕರ್ ಆಗಬೇಕು. ಮಳೆ ಬಿದ್ದ ಮೇಲೆ ನಮ್ಮ ಕಡೆಯ ಕೆಂಪು ಮಣ್ಣು ಬಾಲಿಗೆ ಮೆತ್ತಿಕೊಂಡಿರುತ್ತದೆ. ಬಾಲಿನ ಒಂದಿಷ್ಟು ಭಾಗ ಗ್ರೀನಿಗೆ ತಾಗಿದ್ದರೂ ಸಾಕು, ಗುರುತು ಮಾಡಿ ಎತ್ತಿ ಒರೆಸಬಹುದು.

ನಿಜವಾಗಿ ಗಮನ ಬೇಕಾಗುವುದು ಯಾರಾದರೂ "ಸಾರ್, ನಿಮ್ಮ ಕಾಯಿನ್ ನನ್ನ ಲೈನಲ್ಲಿದೆ, ಸ್ವಲ್ಪ ಎಡಕ್ಕೆ" ಅಂದಾಗ, ಅಂದರೆ ಅವರ ಬಾಲ್ ಹೋಲಿಗೆ ಉರುಳುವ ದಾರಿಗೆ ನನ್ನ ಕಾಯಿನ್ ಅಡ್ಡವಾದಾಗ. ಆಗ ನಾನು ದೂರದಲ್ಲಿ ಅಲ್ಲಾಡದ ಒಂದು ವಸ್ತು ಹುಡುಕುತ್ತೇನೆ. ಅಂತರಗಂಗೆ ಬೆಟ್ಟ ಕಾಣುವ ದಿಕ್ಕಾದರೆ ಅದರ ಒಂದು ಬಂಡೆ, ಇಲ್ಲದಿದ್ದರೆ ಒಂದು ಮರದ ಬುಡ. ಪಟರ್ (ಪಟ್ ಮಾಡುವ ಕೋಲು) ತಲೆಯನ್ನು ಕಾಯಿನ್ ಪಕ್ಕ ಆ ಗುರಿಗೆ ನೇರವಾಗಿ ಇಟ್ಟು, ಅದರ ಇನ್ನೊಂದು ತುದಿಗೆ ಕಾಯಿನ್ ಸರಿಸುತ್ತೇನೆ. ಸರಿಸಿದ ತಕ್ಷಣ ಕಾಯಿನ್ ಮಗುಚಿ ಹಾಕುತ್ತೇನೆ. ಮಾಮೂಲಾಗಿ ಸಿಂಹದ ಮುಖ ಮೇಲಿರುತ್ತದೆ; ಅಂಕಿ ಮೇಲಿದ್ದರೆ ಇದು ಜಾಗ ಬಿಟ್ಟಿದೆ, ವಾಪಸ್ ತರಬೇಕು ಅಂತ ಅರ್ಥ. ಮಧ್ಯೆ ನಾಲ್ಕು ಮಾತು ನಡೆದು, ಬೇರೆಯವರ ಪಟ್ ನೋಡಿ ತಲೆ ಎಲ್ಲೋ ಹೋಗಿದ್ದರೂ ಕಾಯಿನ್ ನೋಡಿದ ಕೂಡಲೇ ನೆನಪಾಗುತ್ತದೆ. ವಾಪಸ್ ತರದೆ ಆಡಿದರೆ ಸ್ಟ್ರೋಕ್ ಪ್ಲೇನಲ್ಲಿ (ಒಟ್ಟು ಹೊಡೆತ ಎಣಿಸುವ ಆಟ) ಎರಡು ಸ್ಟ್ರೋಕ್, ಮ್ಯಾಚ್ ಪ್ಲೇನಲ್ಲಿ (ಒಂದೊಂದು ಹೋಲಿಗೂ ಗೆಲುವು-ಸೋಲು ಎಣಿಸುವ ಆಟ) ಆ ಹೋಲೇ ಹೋಯ್ತು.

ಒಂದು ಇಂಚಿನಲ್ಲಿ ಏನಾಗುತ್ತೆ ಅನ್ನುವವರಿಗೆ ನಾನು ಮಹಿಳೆಯರ ದೊಡ್ಡ ಗಾಲ್ಫ್ ಪಂದ್ಯಗಳಲ್ಲಿ ಒಂದಾದ 2017ರ ಎಎನ್‌ಎ ಇನ್ಸ್ಪಿರೇಷನ್ ಪಂದ್ಯದ ಬಗ್ಗೆ ಹೇಳುತ್ತೇನೆ. ಅಮೆರಿಕದ ಆಟಗಾರ್ತಿ ಲೆಕ್ಸಿ ಥಾಂಪ್ಸನ್ ಮೂರನೇ ಸುತ್ತಿನ 17ನೇ ಗ್ರೀನ್‌ನಲ್ಲಿ ಬಾಲನ್ನು ಮೊದಲಿನ ಜಾಗದಿಂದ ಸ್ವಲ್ಪ ಆಚೆ ಇಟ್ಟಿದ್ದರು. ಟಿವಿ ನೋಡಿದವರೊಬ್ಬರು ಇಮೇಲ್ ಮಾಡಿದರು. ಮಾರನೇ ದಿನ ಕೊನೆಯ ಸುತ್ತು ಆಡುತ್ತಿರುವಾಗಲೇ ನಾಲ್ಕು ಸ್ಟ್ರೋಕ್ ಬಿತ್ತು, ತಪ್ಪು ಜಾಗಕ್ಕೆ ಎರಡು, ಆ ದಂಡ ಸೇರಿಸದೆ ಕೊಟ್ಟ ತಪ್ಪು ಸ್ಕೋರ್‌ಕಾರ್ಡಿಗೆ ಎರಡು. ಕೊನೆಗೆ ಇಬ್ಬರ ಸ್ಕೋರ್ ಸಮವಾಗಿ, ಪ್ಲೇಆಫ್‌ನಲ್ಲಿ ರ್ಯು ಸೋ ಯಾನ್ ಗೆದ್ದರು.

ಬೇರೆಯವರ ಬಾಲ್ ನಾನು ಅವರನ್ನು ಕೇಳದೆ ಮುಟ್ಟುವುದಿಲ್ಲ. ಅವರ ಲೈನ್ ತುಳಿಯುವುದಿಲ್ಲ, ಸುತ್ತಿಕೊಂಡೇ ಹೋಗುತ್ತೇನೆ. ಬೆಳಗಿನ ಬಿಸಿಲಿನಲ್ಲಿ ಹೊಳೆಯುವ ದೊಡ್ಡ ಮಾರ್ಕರ್ ಕಣ್ಣಿಗೆ ಹೊಡೆಯುತ್ತದೆ, ಅದಕ್ಕೇ ನನ್ನದು ಮಾಸಿದ ಹಳೇ ಒಂದು ರೂಪಾಯಿ. ಹೋಲ್ ಹತ್ತಿರ ನಿಂತ ನನ್ನ ಬಾಲನ್ನು ಯಾರೂ ಹೇಳುವ ಮೊದಲೇ ಗುರುತು ಮಾಡಿ ಎತ್ತುತ್ತೇನೆ. ಸ್ಟ್ರೋಕ್ ಪ್ಲೇನಲ್ಲಿ ಎರಡೂ ಬಾಲ್ ಗ್ರೀನ್ ಮೇಲಿದ್ದು ಪಟ್ ಮಾಡಿದ ಬಾಲ್ ಹೋಗಿ ಇನ್ನೊಂದಕ್ಕೆ ತಾಗಿದರೆ, ಹೊಡೆದವರಿಗೆ ಎರಡು ಸ್ಟ್ರೋಕ್ ದಂಡ. ನನ್ನ ಸೋಮಾರಿತನಕ್ಕೆ ಅವರು ಯಾಕೆ ದಂಡ ಕಟ್ಟಬೇಕು?

ಕೈತಪ್ಪಿ ಪಟರ್ ತಾಗಿ ಬಾಲ್ ಇಲ್ಲವೇ ಕಾಯಿನ್ ಅಲ್ಲಾಡಿದರೆ ಹೆದರಬೇಡಿ. 2019ರ ನಿಯಮಗಳ ಪ್ರಕಾರ ಗ್ರೀನ್ ಮೇಲೆ ಅದಕ್ಕೆ ಪೆನಾಲ್ಟಿ ಇಲ್ಲ, ಮೊದಲು ಇದ್ದ ಜಾಗದಲ್ಲೇ ವಾಪಸ್ ಇಟ್ಟು ಆಡಿ.

ಆಷಾಢದ ಗಾಳಿಯಲ್ಲಂತೂ ಬಾಲ್ ಎಷ್ಟೇ ಹತ್ತಿರ ಇರಲಿ, ನಾನು ಕೂಡಲೇ ಗುರುತು ಮಾಡಿ ಎತ್ತಿ ಮತ್ತೆ ಇಡುತ್ತೇನೆ. ಒಮ್ಮೆ ಹಾಗೆ ಇಟ್ಟ ಮೇಲೆ ಗಾಳಿ ಬಾಲನ್ನು ಇಳಿಜಾರಿಗೆ ಉರುಳಿಸಿದರೂ ಅದನ್ನು ಮೊದಲಿನ ಜಾಗಕ್ಕೇ ತರಬೇಕು, ದಂಡ ಇಲ್ಲ. ಎತ್ತದೆ ಬಿಟ್ಟ ಬಾಲ್ ಉರುಳಿತೋ, ಹೋಗಿ ನಿಂತ ಕಡೆಯಿಂದಲೇ ಆಡಬೇಕು. ಇದನ್ನು ನಮ್ಮ ಗುಂಪಿನಲ್ಲಿ ಎಲ್ಲರೂ ರೂಢಿ ಮಾಡಿಕೊಂಡ ಮೇಲೆ ಆ ತಿಂಗಳ ವಾದಗಳು ಬಹಳ ಕಮ್ಮಿಯಾಗಿವೆ.