ಜಡಿಮಳೆಯಲ್ಲಿ ಹುಳ ಸಾಕಿದ್ದು

ಒಣಮಾಂಸ ತಿಂದು ಮೂಳೆ ಕ್ಲೀನ್ ಮಾಡುವ ಡರ್ಮೆಸ್ಟಿಡ್ ಹುಳ ಕೊಡಗಿನ ಮಳೆಗೆ ಬದುಕುವುದಿಲ್ಲ ಅಂತ ನಮ್ಮ ಕಾಲೇಜಿನಲ್ಲಿ ಎಲ್ಲರೂ ಹೇಳಿದ್ದರು. "ಏನ್ರೀ, ಇಲ್ಲಿ ಬಟ್ಟೆನೇ ಒಣಗಲ್ಲ, ನೀವು ಹುಳ ಸಾಕ್ತೀರಾ?" ಅಂತ ಹಿರಿಯ ಮೇಷ್ಟ್ರೊಬ್ಬರು ನಕ್ಕಿದ್ದರು. ಈಗ ಆ ಹುಳಕ್ಕೆ ಮೂರನೇ ಮಳೆಗಾಲ. ಸುಮಾರು 140 ತಲೆಬುರುಡೆ ಕ್ಲೀನ್ ಮಾಡಿ ಕೊಟ್ಟಿದೆ. ಬಂದವರಿಗೆಲ್ಲ ಪೆಟ್ಟಿಗೆ ತೆಗೆದು ತೋರಿಸುವುದು ಈಗ ಅದೇ ಮೇಷ್ಟ್ರು.

ನಾನು ಲ್ಯಾಬ್ ಸಹಾಯಕ. ಸೇರಿದಾಗ ನಮ್ಮ ಬೀರುವಿನಲ್ಲಿದ್ದದ್ದು ಹುಲ್ಲು ತುಂಬಿದ ಒಂದು ಕಬ್ಬೆಕ್ಕು, ಬೂಷ್ಟು ಹಿಡಿದ ನಾಲ್ಕು ಚರ್ಮ, ಒಂದು ಮುಂಗುಸಿ ಬುರುಡೆ. ಯಾವುದಕ್ಕೂ ಚೀಟಿ ಇಲ್ಲ. ಎಲ್ಲಿ ಸಿಕ್ಕಿತು, ಯಾವಾಗ, ಗಂಡೋ ಹೆಣ್ಣೋ ಗೊತ್ತಿಲ್ಲ. 1910ರ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಸ್ತನಿ ಸಮೀಕ್ಷೆಗೆ ಅಂತ ಶಾರ್ಟ್‌ರಿಜ್ ಅನ್ನುವ ಸಂಗ್ರಾಹಕ ಕೊಡಗಿಗೂ ಬಂದು ಪ್ರಾಣಿಗಳನ್ನು ಸಂಗ್ರಹಿಸಿದ್ದ. ಅವನ ಮಾದರಿಗಳಿಗೆ ಇವತ್ತಿಗೂ ಬೆಲೆ ಇರುವುದು ಚೀಟಿಯಿಂದ. ನಮ್ಮ ಮುಂಗುಸಿ ಬುರುಡೆ ಮೇಜಿನ ಮೇಲೆ ಪೇಪರ್ ಹಾರದ ಹಾಗೆ ಇಡೋಕೆ ಸರಿ, ಅಷ್ಟೇ.

ಬುರುಡೆ ಕ್ಲೀನ್ ಮಾಡೋಕೆ ಹೋಗಿ ಮೊದಲ ವರ್ಷ ನಾನು ಮಾಡದ ತಪ್ಪಿಲ್ಲ. ಬೇಯಿಸಿದೆ, ಇಲಿ ಬುರುಡೆ ಹೊಲಿಗೆ ಬಿಟ್ಟು ನಾಲ್ಕು ಚೂರಾಯಿತು. ನೀರಲ್ಲಿ ಕೊಳೆಯೋಕೆ ಇಟ್ಟೆ, ಜುಲೈ ಚಳಿಗೆ ಮೂರು ವಾರವಾದರೂ ಮಾಂಸ ಬಿಡಲಿಲ್ಲ, ವಾಸನೆಗೆ ಹಾಸ್ಟೆಲ್ ಅಡುಗೆಯವರು ಜಗಳಕ್ಕೆ ಬಂದರು. ಚಗಳಿ ಇರುವೆ ಗೂಡಿನ ಕೆಳಗೆ ಇಟ್ಟೆ, ಚೆನ್ನಾಗೇ ತಿಂದವು, ಜೊತೆಗೆ ಸಣ್ಣ ಹಲ್ಲುಗಳನ್ನೂ ಹೊತ್ತುಕೊಂಡು ಹೋದವು. ಪರಿಚಯದವರ ತೋಟದ ಕಾಫಿ ಪಲ್ಪ್ ಗುಂಡಿಯಲ್ಲಿ ಬಿಸಿ ಇರುತ್ತದಲ್ವಾ ಅಂತ ಒಂದು ಹಂದಿ ಬುರುಡೆ ಹೂತು ನೋಡಿದೆ. ಮಾಂಸ ಹೋಯಿತು, ಬುರುಡೆ ಮಾತ್ರ ಕಾಫಿ ಡಿಕಾಕ್ಷನ್ ಬಣ್ಣ. ಅದನ್ನು ಈಗಲೂ ಇಟ್ಟಿದ್ದೇನೆ, ಸುಮ್ನೆ ನಗೋಕೆ.

ಹುಳ ಎಲ್ಲಿಂದ ತಂದೆ ಅಂತ ಎಲ್ಲರೂ ಕೇಳುತ್ತಾರೆ. ಗೋಣಿಕೊಪ್ಪಲು ಸಂತೆಯ ಒಣಮೀನಿನ ಮೂಟೆಯಿಂದ! ಮೂಟೆಯ ತಳದ ಪುಡಿ ಕೇಳಿದ್ದಕ್ಕೆ ಅಂಗಡಿಯಣ್ಣ ನನ್ನ ಮುಖವನ್ನೇ ನೋಡಿದ. ದುಡ್ಡು ತಗೊಳ್ಳಲಿಲ್ಲ.

ಹುಳದ ಪೆಟ್ಟಿಗೆಗೆ ಅಂತ ತಂದ ಗುಜರಿಯ ಹಳೇ ಫ್ರಿಜ್‌ಗೆ 600 ರೂಪಾಯಿ, ಥರ್ಮೋಸ್ಟಾಟ್, 40 ವ್ಯಾಟ್ ಬಲ್ಬು, ಕಂಪ್ಯೂಟರ್ ಫ್ಯಾನು ಎಲ್ಲ ಸೇರಿ ಇನ್ನೊಂದು 1,700 ಇರಬಹುದು. ಗುಜರಿಯವನು ಬಿಲ್ ಕೊಡಲಿಲ್ಲ, ಬಿಲ್ ಇಲ್ಲದೆ ಆಫೀಸು ಕೊಡಲಿಲ್ಲ. ಆ ದುಡ್ಡು ನನ್ನ ಜೇಬಿನದೇ ಹೋಯಿತು.

ಹುಳಗಳ ಮೊದಲ ಸಂಸಾರ ಬೂಷ್ಟು ಮತ್ತು ನುಸಿಯಿಂದ ಸತ್ತಿತು. ಹಸಿ ಮಾಂಸ ಹಾಕಿದ್ದೇ ತಪ್ಪು. ಈಗ ಚರ್ಮ ಸುಲಿದು, ಮಿದುಳು ತೆಗೆದು, ಫ್ಯಾನ್ ಕೆಳಗೆ ಎರಡು ದಿನ ಒಣಗಿಸದೆ ಹಾಕುವುದಿಲ್ಲ. ಎರಡನೆಯದು ಮೂರು ದಿನ ಕರೆಂಟು ಹೋದಾಗ ಹೋಯಿತು. ಈಗ ಕರೆಂಟು ಹೋದರೆ ಬಿಸಿನೀರಿನ ಬಾಟಲಿಗಳನ್ನು ಗೋಣಿಯಲ್ಲಿ ಸುತ್ತಿ ಒಳಗಿಡುತ್ತೇನೆ, ಫ್ರಿಜ್ ಗೋಡೆ ಬಿಸಿ ಹಿಡಿಯುತ್ತದೆ. ನುಸಿ ಬಾರದಂತೆ ಹತ್ತಿಯ ಜೊತೆ ಏನು ಹಾಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಬನ್ನಿ, ತೋರಿಸುತ್ತೇನೆ. 28 ಡಿಗ್ರಿ ಇದ್ದರೆ ಇಲಿ ಬುರುಡೆ ಎರಡು ದಿನ, ಕಬ್ಬೆಕ್ಕಿನದು ಎಂಟು-ಹತ್ತು ದಿನ. ಆಮೇಲೆ ಒಂದು ವಾರ ಫ್ರೀಜರ್, ಸೋಪಿನ ನೀರು, 3% ಹೈಡ್ರೋಜನ್ ಪೆರಾಕ್ಸೈಡ್. ಬ್ಲೀಚ್ ಬೇಡವೇ ಬೇಡ, ಮೂಳೆ ಪುಡಿಯಾಗುತ್ತದೆ. ಹುಳದ ಪೆಟ್ಟಿಗೆ ಬೇರೆ ಕಟ್ಟಡದಲ್ಲೇ ಇರಲಿ. ಒಂದು ತಪ್ಪಿಸಿಕೊಂಡು ಚರ್ಮದ ಬೀರುವಿಗೆ ಹೋದರೂ ಕಥೆ ಮುಗಿಯಿತು.

ರಸ್ತೆಯಲ್ಲಿ ಸತ್ತದ್ದು ತಾನೇ ಅಂತ ಎತ್ತಿಕೊಂಡು ಬರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಸತ್ತ ಕಾಡುಪ್ರಾಣಿಯೂ ಸರ್ಕಾರದ ಆಸ್ತಿ. ನಮಗೆ ಅನುಮತಿ ಪತ್ರ ಬರಲು ಹತ್ತಿರ ಹತ್ತಿರ ಹದಿನಾಲ್ಕು ತಿಂಗಳು ಹಿಡಿಯಿತು. ಸತ್ತ ಮಂಗನನ್ನಂತೂ ಮುಟ್ಟಲೇಬೇಡಿ, ಮಂಗನ ಕಾಯಿಲೆ ಹರಡುವ ಉಣುಗು ಇರಬಹುದು.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಬುರುಡೆಗಿಂತ ಕೂದಲು. ಪ್ರತಿ ಪ್ರಾಣಿಯ ಬೆನ್ನಿನಿಂದ ಒಂದು ಚಿಟಿಕೆ ಕೂದಲು ತೆಗೆದು, ಅದೇ ನಂಬರ್ ಹಾಕಿ ಲಕೋಟೆಯಲ್ಲಿಡುತ್ತೇನೆ. ಹೋದ ವರ್ಷ ಒಬ್ಬ ವಿದ್ಯಾರ್ಥಿನಿ ಕಾಡುನಾಯಿ ಲದ್ದಿಯಲ್ಲಿ ಸಿಕ್ಕ ಕೂದಲನ್ನು ಕಾಡುಕುರಿಯದ್ದು ಅಂತ ಬರೆದುಕೊಂಡಿದ್ದಳು. ನಮ್ಮ ಲಕೋಟೆಗಳ ಕೂದಲಿನ ಪಕ್ಕ ಇಟ್ಟು ಮೈಕ್ರೋಸ್ಕೋಪಿನಲ್ಲಿ ಕೂದಲ ಮೇಲಿನ ಹುರುಪೆ, ಒಳತಿರುಳು ಎರಡೂ ನೋಡಿದರೆ ಅದು ಕಡವೆ. "ಅಣ್ಣಾ, ಅರ್ಧ ಟೇಬಲ್ ತಿದ್ದಬೇಕಲ್ಲ!" ಅಂತ ತಲೆ ಮೇಲೆ ಕೈ ಹೊತ್ತಳು. ಕಣಜದ ಗೂಬೆ ಕಕ್ಕಿದ ಅರವತ್ತು ಉಂಡೆ ಬಿಡಿಸಿ, ದವಡೆಗಳನ್ನು ನಮ್ಮ ಇಲಿ, ಸುಂಡಿಲಿ ಬುರುಡೆಗಳಿಗೆ ಹೋಲಿಸಿದ್ದೂ ಇದೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಚೀಟಿಗೆ ಬಾಲ್ ಪೆನ್ ಬೇಡ, ಸ್ಪಿರಿಟ್ ತಾಗಿದರೆ ಅಳಿಸಿಹೋಗುತ್ತದೆ. ಪೆನ್ಸಿಲ್ ಸಾಕು. ಈಗ ಫ್ರೀಜರ್‌ನಲ್ಲಿ ಒಂದು ಹಾರುಬೆಕ್ಕು (ಹಾರುವ ಅಳಿಲು) ಕಾಯುತ್ತಿದೆ, ಅರಣ್ಯ ಇಲಾಖೆಯವರೇ ಕೊಟ್ಟದ್ದು. ಅದರ ಬೆರಳಿನ ಸಣ್ಣ ಮೂಳೆ ಕಳೆಯಬಾರದು ಅಂತ ಪಾದಗಳಿಗೆ ನೈಲಾನ್ ಸಾಕ್ಸ್ ಕಟ್ಟಿ ಹಾಕಬೇಕು. ಮನೆಯವಳ ಹಳೇ ಸಾಕ್ಸ್ ಕೇಳಿದ್ದೇನೆ, ಇನ್ನೂ ಕೊಟ್ಟಿಲ್ಲ.