ಹಡಗು ಹತ್ತುವ ಮೊದಲಿನ ಇಪ್ಪತ್ನಾಲ್ಕು ತಾಸು

ಹೋದ ಜನವರಿಯಲ್ಲಿ ಧಾರವಾಡದಿಂದ ಹದಿನಾಲ್ಕು ಮಂದಿ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ ಮುಂಬೈಯಲ್ಲಿ ಕ್ರೂಸ್ ಹಡಗು ಹತ್ತಿಸಿದೆ. ಹಡಗಿನ ಟಿಕೆಟ್ಟೂ ರೈಲಿನ ಟಿಕೆಟ್ಟೂ ಬಿಟ್ಟರೆ, ಮುಂಬೈಯ ಒಂದೂವರೆ ದಿನಕ್ಕೆ ತಲೆಗೆ ಬಿದ್ದ ಖರ್ಚು 1,900 ರೂಪಾಯಿಯ ಆಸುಪಾಸು. ರೂಮು, ಊಟ, ಟ್ಯಾಕ್ಸಿ, ಎಲಿಫೆಂಟಾ ಗುಹೆ, ಮ್ಯೂಸಿಯಂ ಎಲ್ಲ ಅದರಲ್ಲೇ ಬಂತು. ಮೂರು ವರ್ಷದ ಹಿಂದೆ ಇದೇ ಕೆಲಸಕ್ಕೆ ತಲೆಗೆ ಐದು ಸಾವಿರ ದಾಟಿತ್ತು, ಮೇಲೆ ನನ್ನ ಕೈಯಿಂದ ಹದಿನೆಂಟು ಸಾವಿರ ಹೋಗಿತ್ತು.

ನಾನು ಕಾಶಿ, ಶಿರಡಿ, ಪಂಢರಪುರದ ಟೂರ್ ಮಾಡಿಸುತ್ತಾ ಬಂದವಳು. ಹಡಗಿನ ಟೂರ್ ಶುರು ಮಾಡುತ್ತೇನೆ, ಅದೂ ಮುಂಬೈ ಬಂದರಿನ ಹತ್ತಿರದ ಫೋರ್ಟ್ ಬಡಾವಣೆಯ ಸಣ್ಣ ಲಾಡ್ಜಿನಲ್ಲಿ ಇಳಿಸಿ ಮಾಡಿಸುತ್ತೇನೆ ಅಂದಾಗ ಹುಬ್ಬಳ್ಳಿಯ ಹಿರಿಯ ಏಜೆಂಟರೊಬ್ಬರು ಎದುರಿಗೇ ಹೇಳಿದರು: "ಅಕ್ಕಾರ, ಪಂಢರಪುರದ ಗಿರಾಕಿ ಬ್ಯಾರೆ, ಹಡಗಿನ ಗಿರಾಕಿ ಬ್ಯಾರೆ. ಮೂವತ್ತು ಸಾವಿರ ಕೊಟ್ಟಾಕಿ ಫೋರ್ಟಿನ ಹಳೇ ಲಾಡ್ಜಿನ್ಯಾಗ ಮಲಗ್ತಾಳೇನ್ರಿ?" ಮಲಗಿದರು. ಮಲಗಿ ಎದ್ದು, ಮುಂದಿನ ಸಲಕ್ಕೆ ಅಕ್ಕ-ತಂಗಿಯರ ಹೆಸರನ್ನೂ ಬರೆಸಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೈ ಸುಟ್ಟುಕೊಂಡದ್ದು ಹೇಳುತ್ತೇನೆ. 2022ರ ಡಿಸೆಂಬರ್, ಹನ್ನೊಂದು ಮಂದಿ. ಒಂದು ಆ್ಯಪ್‌ನಲ್ಲಿ ಅಂಧೇರಿ ಪೂರ್ವದ ಹೋಟೆಲ್ ಅಗ್ಗಕ್ಕೆ ಸಿಕ್ಕಿತು, ಚಿತ್ರ ಚಂದ ಇತ್ತು, ಎರಡು ರಾತ್ರಿಗೆ ಹಿಡಿದೆ. ರೈಲು ದಾದರ್‌ಗೆ ಬೆಳಗಿನ ಜಾವ ಮುಟ್ಟುತ್ತದೆ, ಹೋಟೆಲಿನವರು ಮಧ್ಯಾಹ್ನ ಹನ್ನೆರಡರ ಮೊದಲು ರೂಮು ಕೊಡುವುದಿಲ್ಲ. ಬೇಕಾದರೆ ಹಿಂದಿನ ರಾತ್ರಿಯ ಬಾಡಿಗೆ ಕೊಡಿ ಅಂದರು, ಕೊಟ್ಟೆ. ಹಡಗಿನ ದಿನ ಹತ್ತಕ್ಕೆಲ್ಲ ರೂಮು ಬಿಡಿಸಿದರು. ಅಲ್ಲಿಂದ ಹಡಗು ಹತ್ತುವ ಬಲ್ಲಾರ್ಡ್ ಪಿಯರ್ ಇಪ್ಪತ್ತು ಕಿಲೋಮೀಟರ್ ಮೇಲೆಯೇ. ದೊಡ್ಡ ಟ್ಯಾಕ್ಸಿ ಮೂರು, ಒಂದೊಂದಕ್ಕೆ ಸಾವಿರದ ಮೇಲೆ. ಊರು ನೋಡಿದ್ದು ಮಾತ್ರ ಟ್ಯಾಕ್ಸಿಯ ಕಿಟಕಿಯಿಂದ. ಅಗ್ಗದ ಹೋಟೆಲು ಅಂದುಕೊಂಡದ್ದು ಕೊನೆಗೆ ಫೋರ್ಟಿನ ಒಳ್ಳೆಯ ಹೋಟೆಲಿಗಿಂತ ತುಟ್ಟಿಯಾಯಿತು.

ಎರಡನೆಯ ಸಲ ಪನ್ವೇಲ್‌ನಲ್ಲಿ ಇಳಿಸಿದೆ. ರೂಮು ನಿಜಕ್ಕೂ ಅಗ್ಗ, ಸ್ವಚ್ಛ, ಲಿಫ್ಟ್ ದೊಡ್ಡದು. ಹಾರ್ಬರ್ ಲೈನಿನ ಲೋಕಲ್‌ನಲ್ಲಿ ಕೂತರೆ ಒಂದೂಕಾಲು ತಾಸಿನ ಮೇಲೆ ಸ್ವಲ್ಪ ಹೊತ್ತಿಗೆ ಸಿಎಸ್‌ಎಂಟಿ (ಬಂದರಿನ ಹತ್ತಿರದ ಹಳೇ ವಿ.ಟಿ. ಸ್ಟೇಷನ್) ಅನ್ನುವ ಲೆಕ್ಕ. ಹಡಗು ಭಾನುವಾರದ್ದು. ಭಾನುವಾರ ಮೆಗಾ ಬ್ಲಾಕ್, ಅಂದರೆ ಹಳಿ ರಿಪೇರಿಗೆ ಲೋಕಲ್ ನಿಲ್ಲಿಸುವುದು, ಇರುತ್ತದೆ ಅನ್ನುವುದು ಮುಂಬೈಯವರಿಗೆ ಅ ಆ ಇ ಈ ಇದ್ದ ಹಾಗೆ. ನನಗೆ ಅದು ಗೊತ್ತಾದದ್ದು ಪನ್ವೇಲ್ ಸ್ಟೇಷನ್ನಿನ ಟಿಕೆಟ್ ಕಿಟಕಿಯಲ್ಲಿ, ಬೆಳಿಗ್ಗೆ ಹನ್ನೊಂದೂವರೆಗೆ, ಹನ್ನೆರಡು ಸೂಟ್‌ಕೇಸ್ ಹಿಡಿದುಕೊಂಡು ನಿಂತಾಗ. ಟ್ಯಾಕ್ಸಿಗೆ ಸುರಿದ ದುಡ್ಡಿನಲ್ಲಿ ಫೋರ್ಟಿನಲ್ಲಿ ಎರಡು ದಿನ ಇರಬಹುದಿತ್ತು. ಚೆಕ್‌ಇನ್ ಮುಚ್ಚುವುದಕ್ಕೆ ಅರ್ಧ ತಾಸಿದ್ದಾಗ ಗೇಟಿಗೆ ಬಂದೆವು. ಹಾವೇರಿಯಿಂದ ಬಂದಿದ್ದ ಟೀಚರಮ್ಮ ಒಬ್ಬರು ದಾರಿಯುದ್ದಕ್ಕೂ ಮಾತೇ ಆಡಿರಲಿಲ್ಲ. ಆ ಮೌನ ನನಗೆ ಇನ್ನೂ ನೆನಪಿದೆ.

ನಡುವೆ ಇನ್ನೂ ಎರಡು ಪ್ರಯೋಗ ಮಾಡಿದೆ. ಭುಲೇಶ್ವರ, ಸಿ.ಪಿ. ಟ್ಯಾಂಕ್ ಕಡೆ ಧರ್ಮಶಾಲೆಗಳಿವೆ, ಬಾಡಿಗೆ ನಂಬಲಾಗದಷ್ಟು ಕಡಿಮೆ. ಆದರೆ ಮುಂಗಡ ಕಾಯ್ದಿರಿಸಿಕೊಳ್ಳುವುದಿಲ್ಲ, ಹೋಗಿ ನಿಂತು ಕೇಳಬೇಕು. ಇಬ್ಬರು ಮೂವರಿಗೆ ಸರಿ, ಗುಂಪಿಗೆ ಆಗದು. ಇನ್ನೊಂದು ಸ್ಟೇಷನ್ನಿನಲ್ಲೇ ತಂಗುವ ರೈಲ್ವೆಯ ರಿಟೈರಿಂಗ್ ರೂಮು, ಡಾರ್ಮಿಟರಿ. ರೈಲು ಟಿಕೆಟ್ಟಿನ ಪಿಎನ್ಆರ್ ನಂಬರ್ ಇದ್ದರೆ ಆನ್‌ಲೈನ್‌ನಲ್ಲೇ ಸಿಗುತ್ತದೆ, ದರವೂ ಒಳ್ಳೆಯದು. ಆದರೆ ಹದಿನಾಲ್ಕು ಹಾಸಿಗೆ ಒಟ್ಟಿಗೆ ನನಗೆ ಎಂದೂ ಸಿಗಲಿಲ್ಲ. ಗಂಡ-ಹೆಂಡತಿ ಇಬ್ಬರೇ ಹೋಗುವವರಿಗೆ ಮೊದಲು ಅದನ್ನೇ ನೋಡಿ ಅನ್ನುತ್ತೇನೆ. ಮುಂಬೈ ಸೆಂಟ್ರಲ್‌ನಲ್ಲಿ 2021ರಲ್ಲಿ ಶುರುವಾದ ಪಾಡ್ ಹೋಟೆಲನ್ನೂ (ಒಬ್ಬೊಬ್ಬರು ಮಲಗುವ ಸಣ್ಣ ಗೂಡುಗಳು) ನೋಡಿಬಂದೆ. ಹುಡುಗರಿಗೆ ಸರಿ. ಅರವತ್ತೈದರ ಮೊಣಕಾಲಿಗೆ ಆ ಗೂಡಿನೊಳಗೆ ಹತ್ತಿ ಇಳಿಯುವುದು ಆಗದ ಮಾತು.

ಈಗ ಕೆಲಸ ಹತ್ತಿದ ಪದ್ಧತಿ. ನಾವೆಲ್ಲ ಲಾಡ್ಜನ್ನು "ರಾತ್ರಿಗೆ ಎಷ್ಟು" ಅಂತ ಕೇಳುತ್ತೇವೆ. ಹಡಗಿಗೆ ಹೋಗುವವರಿಗೆ ಆ ಪ್ರಶ್ನೆಯೇ ತಪ್ಪು. ರೈಲು ಬೆಳಗಿನ ಜಾವ ಇಳಿಸುತ್ತದೆ, ಹಡಗಿನ ಚೆಕ್‌ಇನ್ ಮರುದಿನ ಮಧ್ಯಾಹ್ನ. ನಮಗೆ ಬೇಕಾದದ್ದು ಮಧ್ಯಾಹ್ನದಿಂದ ಮಧ್ಯಾಹ್ನದವರೆಗಿನ ರೂಮು. ಸಿಎಸ್‌ಎಂಟಿ, ಫೋರ್ಟ್ ಸುತ್ತಲಿನ ಹಳೆಯ ಲಾಡ್ಜುಗಳಲ್ಲಿ ಇಪ್ಪತ್ನಾಲ್ಕು ತಾಸಿನ ಚೆಕ್‌ಔಟ್ ಇನ್ನೂ ಉಳಿದಿದೆ. ನೀವು ರಿಜಿಸ್ಟರಿನಲ್ಲಿ ಸಹಿ ಹಾಕಿದ ಗಳಿಗೆಯಿಂದ ಲೆಕ್ಕ. ಆ್ಯಪ್‌ನಲ್ಲಿ ಬುಕ್ ಮಾಡಿದರೆ ಆ ಸವಲತ್ತು ಹೋಗುತ್ತದೆ, ಅಲ್ಲಿ ಹನ್ನೆರಡರ ನಿಯಮವೇ. ಹಾಗಾಗಿ ನಾನು ಆ್ಯಪ್‌ನಲ್ಲಿ ಬರೀ ಹೆಸರು ಹುಡುಕಿ, ಲಾಡ್ಜಿನ ಲ್ಯಾಂಡ್‌ಲೈನಿಗೆ ನೇರ ಫೋನ್ ಮಾಡುತ್ತೇನೆ.

ಆ ಫೋನಿನ ಕೆಲಸಕ್ಕೆ ಮೂರು ದಿನ ಕೂತಿದ್ದೆ. ಇಪ್ಪತ್ತೆರಡೋ ಇಪ್ಪತ್ಮೂರೋ ಲಾಡ್ಜು. ಎಲ್ಲರಿಗೂ ಒಂದೇ ಪ್ರಶ್ನೆಗಳು. ಚೆಕ್‌ಔಟ್ ಇಪ್ಪತ್ನಾಲ್ಕು ತಾಸಿನದೋ ಅಲ್ಲವೋ. ರಿಸೆಪ್ಷನ್ ಎಷ್ಟನೆಯ ಮಹಡಿ, ಯಾಕೆಂದರೆ ಫೋರ್ಟಿನ ಹಳೇ ಕಟ್ಟಡಗಳಲ್ಲಿ ಲಾಡ್ಜು ಶುರುವಾಗುವುದೇ ಮೂರನೆಯ ಮಹಡಿಯಿಂದ. ಲಿಫ್ಟಿನಲ್ಲಿ ಸೂಟ್‌ಕೇಸ್ ಸಮೇತ ಎಷ್ಟು ಮಂದಿ ಹಿಡಿಯುತ್ತಾರೆ. ಬಾತ್‌ರೂಮು ರೂಮಿನೊಳಗಿದೆಯೋ ಹೊರಗಿದೆಯೋ. ಕಿಟಕಿ ಇದೆಯೋ. ಕಿಟಕಿ ಇಲ್ಲದ ರೂಮು ಎರಡು ಮೂರುನೂರು ಕಡಿಮೆ, ಆದರೆ ನಮ್ಮ ಕಡೆಯ ಹೆಣ್ಣುಮಕ್ಕಳು ಅಲ್ಲಿ ಅರ್ಧ ತಾಸು ನಿಲ್ಲುವುದಿಲ್ಲ. ಒಂದು ಕಡೆ ಹಿಂದಿಯಲ್ಲಿ ಮಾತಾಡುತ್ತಿದ್ದ ಮ್ಯಾನೇಜರು ನಡುವೆ ನಿಂತು, "ನೀವು ಧಾರವಾಡದವರಾ ಅಮ್ಮ?" ಅಂತ ಕನ್ನಡದಲ್ಲಿ ಕೇಳಿದರು. ಕುಂದಾಪುರದ ಕಡೆಯವರು. ಅಲ್ಲಿಗೆ ಬಾಡಿಗೆಯೂ ಕಡಿಮೆಯಾಯಿತು, ಎರಡು ಬಕೆಟ್ ಬಿಸಿನೀರಿನ ಮಾತೂ ಆಯಿತು. ಆ ಲಾಡ್ಜಿನ ಹೆಸರು ಹೇಳುವುದಿಲ್ಲ. ವಾರದ ಯಾವ ದಿನ ಫೋನ್ ಮಾಡಿದರೆ ದರ ಇಳಿಯುತ್ತದೆ ಅನ್ನುವುದನ್ನೂ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಮೂರು ದಿನ ಕೂತು ಕಂಡುಕೊಂಡದ್ದು ಅದು.

ಲೆಕ್ಕ ಹೀಗಾಯಿತು. ಮೂವರ ಎಸಿ ರೂಮು ನಾಲ್ಕು, 2,600ರಂತೆ. ಇಬ್ಬರದ್ದು ಒಂದು, 2,000. ಒಟ್ಟು 12,400. ಮೇಲೆ ಜಿಎಸ್‌ಟಿ ಐದು ಪರ್ಸೆಂಟ್. ಇದು 2025ರ ಸೆಪ್ಟೆಂಬರ್ 22ರಿಂದ ಇಳಿದದ್ದು, ಅದಕ್ಕೂ ಮೊದಲು 7,500ರ ಒಳಗಿನ ರೂಮಿಗೆ ಹನ್ನೆರಡು ಇತ್ತು. ಹಳೆಯ ದರಪಟ್ಟಿ ಇಟ್ಟುಕೊಂಡು ಹನ್ನೆರಡೇ ಹಾಕುವವರಿದ್ದಾರೆ, ಬಿಲ್ಲು ನೋಡಿಕೊಳ್ಳಿ. ತಲೆಗೆ 930 ಬಿತ್ತು.

ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಏನು ಮಾಡಬೇಕು ಅನ್ನುವುದೇ ಎಲ್ಲರ ಅನುಮಾನ. ಗದಗ ಕಡೆಯವರಿಗೆ ವಿಜಯಪುರ, ಸೋಲಾಪುರದ ಮೇಲೆ ಹೋಗುವ ರೈಲು ನೇರ ಸಿಎಸ್‌ಎಂಟಿಗೇ ಬರುತ್ತದೆ. ನಾವು ಹುಬ್ಬಳ್ಳಿ-ಧಾರವಾಡದವರು ದಾದರ್‌ನಲ್ಲಿ ಇಳಿಯಬೇಕು. ಅಲ್ಲಿ ಆಟೊ ಹುಡುಕಬೇಡಿ, ದಕ್ಷಿಣ ಮುಂಬೈಯಲ್ಲಿ ಆಟೊ ಇಲ್ಲ. ಆರು ಗಂಟೆಗೆ ಸಿಎಸ್‌ಎಂಟಿ ಕಡೆಯ ಲೋಕಲ್ ಖಾಲಿ ಇರುತ್ತದೆ, ಟಿಕೆಟ್ ಐದು ರೂಪಾಯಿ. ಎಂಟಾಯಿತೋ, ಕಾಲಿಡಲು ಜಾಗವಿಲ್ಲ. 2025ರ ಅಕ್ಟೋಬರಿನಿಂದ ನೆಲದಡಿಯ ಮೆಟ್ರೊ ಕೂಡ ದಾದರ್‌ನಿಂದ ಸಿಎಸ್‌ಎಂಟಿ ದಾಟಿ ಕಫ್ ಪರೇಡ್‌ವರೆಗೆ ಓಡುತ್ತಿದೆ. ರೈಲು ತಡವಾದರೆ ನನ್ನ ಎರಡನೆಯ ದಾರಿ ಅದು.

ಸಿಎಸ್‌ಎಂಟಿಯಲ್ಲಿ ಸಾಮಾನನ್ನು ಕ್ಲೋಕ್‌ರೂಮಿಗೆ ಹಾಕುತ್ತೇನೆ. ಬೀಗ ಇಲ್ಲದ ಬ್ಯಾಗನ್ನು ಅವರು ಮುಟ್ಟುವುದಿಲ್ಲ. ಮೊದಲ ಸಲ ಬೀಗ ಹುಡುಕಲು ಮುಕ್ಕಾಲು ತಾಸು ಹೋಗಿತ್ತು. ಈಗ ಧಾರವಾಡದ ಸುಭಾಸ ರೋಡಿನಲ್ಲೇ ಒಂದು ಡಜನ್ ಸಣ್ಣ ಬೀಗ ಕೊಂಡು ನನ್ನ ಕೈಚೀಲದಲ್ಲಿ ಇಟ್ಟಿರುತ್ತೇನೆ, ಕೀಲಿಗೆ ಬಣ್ಣದ ದಾರ ಕಟ್ಟಿ. ಹಸಿರು ದಾರ ಇವರಿಗೆ, ಕೆಂಪು ದಾರ ಅವರಿಗೆ. ದುಡ್ಡು ಕೊಟ್ಟು ಕೂರುವ ವೇಟಿಂಗ್ ಹಾಲಿನಲ್ಲಿ ಮುಖ ತೊಳೆದು ಸೀರೆ ಬದಲಿಸಿದರೆ ಎಲ್ಲರೂ ಹೊಸಬರಾದರು. ಎದುರಿನ ಗಲ್ಲಿಯ ಪಂಚಮ್ ಪೂರಿವಾಲಾದಲ್ಲಿ ಪೂರಿ-ಭಾಜಿ ತಿಂದು ಗೇಟ್‌ವೇ ಆಫ್ ಇಂಡಿಯಾಗೆ ಹೋಗಿ ಎಲಿಫೆಂಟಾದ ದೋಣಿ. ಹೋಗಿಬರುವ ದೋಣಿಗೆ 260 ಇರಬೇಕು, ಒಳಗೆ ಹೋಗಲು 40.

ಎಲಿಫೆಂಟಾ ಸೋಮವಾರ ಬಂದ್. ಈ ಪೆಟ್ಟನ್ನೂ ತಿಂದಿದ್ದೇನೆ. ಹಡಗು ಹತ್ತುವ ದಿನ ಅಲ್ಲಿಗೆ ಎಂದೂ ಹೋಗಬೇಡಿ, ದೋಣಿಯೇ ಒಂದು ಕಡೆಗೆ ಒಂದು ತಾಸು ತಿನ್ನುತ್ತದೆ, ವಾಪಸಿನ ಸಾಲು ನಮ್ಮ ಕೈಯಲ್ಲಿಲ್ಲ. ಹಿಂದಿನ ದಿನವೇ ಮುಗಿಸಬೇಕು. ಮೆಟ್ಟಿಲು ನೂರಿಪ್ಪತ್ತರಷ್ಟಿವೆ. ಮೊಣಕಾಲು ನೋವಿದ್ದ ನಾಲ್ವರನ್ನು ಆ ಹೊತ್ತಿಗೆ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯಕ್ಕೆ ಕಳಿಸಿದೆ. ಬಾದಾಮಿ ನೋಡಿ ಬೆಳೆದವರಿಗೆ ಎಲಿಫೆಂಟಾ ಬೇರೆಯೇ ರುಚಿ ಕೊಡುತ್ತದೆ. ಬಾದಾಮಿಯ ಮೊದಲ ಗುಹೆಯಲ್ಲಿ ನಟರಾಜ ಬಿಸಿಲಿನಲ್ಲಿ, ಬಾಗಿಲಲ್ಲೇ ನಿಂತು ಕುಣಿಯುತ್ತಾನೆ. ಇಲ್ಲಿ ಮೂರು ಮುಖದ ಸದಾಶಿವ ಗುಹೆಯ ಹಿಂಗೋಡೆಯಲ್ಲಿ ಕತ್ತಲೊಳಗೆ ಕಣ್ಣು ಮುಚ್ಚಿ ಕೂತಿದ್ದಾನೆ, ಎತ್ತರ ಆರು ಮೀಟರ್ ಹತ್ತಿರ. ನಮ್ಮ ಗುಂಪಿನ ಒಬ್ಬರು ಅಲ್ಲೇ ನೆಲಕ್ಕೆ ಕೂತು ಹತ್ತು ನಿಮಿಷ ಏಳಲೇ ಇಲ್ಲ. ನಾನೂ ಎಬ್ಬಿಸಲಿಲ್ಲ.

ಎರಡೂವರೆಗೆ ಲಾಡ್ಜು. ರಿಜಿಸ್ಟರಿನಲ್ಲಿ ನಾನೇ ಕೈಯಾರೆ "2.40" ಅಂತ ಬರೆದು, ರಸೀದಿಯ ಮೇಲೂ ಬರೆಸಿಕೊಂಡೆ. ಮರುದಿನ ಬೇರೆ ಹುಡುಗ ಕೌಂಟರಿನಲ್ಲಿದ್ದು ಹನ್ನೆರಡಕ್ಕೇ ಬಾಗಿಲು ಬಡಿದಾಗ ಆ ಚೀಟಿಯನ್ನು ಮುಂದೆ ಹಿಡಿದೆ. ಅಷ್ಟಕ್ಕೇ ಮುಗಿಯಿತು.

ಸಂಜೆಯ ತಿರುಗಾಟಕ್ಕೆ ಬಸ್ಸಿನ ಟಿಕೆಟ್ ಬಿಟ್ಟರೆ ಒಂದು ರೂಪಾಯಿ ಖರ್ಚಿಲ್ಲ. ಹಾರ್ನಿಮನ್ ಸರ್ಕಲ್, ಏಷ್ಯಾಟಿಕ್ ಲೈಬ್ರರಿಯ ದೊಡ್ಡ ಮೆಟ್ಟಿಲು, ಫ್ಲೋರಾ ಫೌಂಟನ್, ಕಾಲಾ ಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿ. ಎಲ್ಲ ನಡೆದೇ ಮುಗಿಯುತ್ತದೆ. ಮರೀನ್ ಡ್ರೈವ್‌ಗೆ ಮಾತ್ರ ಬೆಸ್ಟ್ ಅನ್ನುವ ಮುಂಬೈಯ ಸಿಟಿ ಬಸ್ಸು, ವಾಪಸ್ಸಿಗೂ ಅದೇ. ಕೊನೆಗೆ ಕತ್ತಲಾದ ಮೇಲೆ ಸಿಎಸ್‌ಎಂಟಿ ಎದುರು ನಿಲ್ಲಿಸಬೇಕು. ಬೆಳಿಗ್ಗೆ ಅದರ ಒಳಗೇ ಹಲ್ಲುಜ್ಜಿದವರು, 1888ರಲ್ಲಿ ಕಟ್ಟಿ ಮುಗಿಸಿದ ಆ ಕಟ್ಟಡಕ್ಕೆ ದೀಪ ಹಚ್ಚಿದ್ದನ್ನು ಕಂಡು "ಇದು ಅದs ಏನ್ರಿ?" ಅಂತ ಕೇಳಿದರು.

ಊಟದ್ದೊಂದು ಮಾತು. ಹಡಗಿನೊಳಗೆ ಹೊರಗಿನ ತಿನಿಸು ಒಯ್ಯಲು ಬಿಡುವುದಿಲ್ಲ. ಚಹಾ ಕಾಸುವ ಕರೆಂಟಿನ ಕಾಯಿಲ್ ಕೂಡ ಬಿಡುವುದಿಲ್ಲ, ಅದನ್ನು ಮನೆಯಲ್ಲೇ ತೆಗೆಸಿ. ಆದರೆ ಧಾರವಾಡದ ಹೆಣ್ಣುಮಕ್ಕಳು ಖಡಕ್ ರೊಟ್ಟಿ ಇಲ್ಲದೆ ಹೊಸ್ತಿಲು ದಾಟುತ್ತಾರೆಯೇ? ಹಾಗಾಗಿ ನಾನೇ ಲೆಕ್ಕ ಹಾಕಿ ಹೇಳಿದೆ: ತಲೆಗೆ ಎಂಟು ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಡಬ್ಬಿ ಕೆಂಪು ಮೆಣಸಿನ ರಂಜಕ. ರಾತ್ರಿ ಊಟ, ಬೆಳಗಿನ ನಾಷ್ಟಾ ಅದರಲ್ಲೇ. ಮೊಸರು ಮಾತ್ರ ಕೆಳಗಿನ ಅಂಗಡಿಯಿಂದ ತಂದೆ. ಹಡಗಿನ ದಿನ ಮಧ್ಯಾಹ್ನ ಒಂದೂವರೆಗೆ ಮೂವರ ರೂಮಿನ ಮಂಚದ ಮೇಲೆ ಪೇಪರ್ ಹಾಸಿ ಹದಿನಾಲ್ಕೂ ಮಂದಿ ಉಳಿದ ರೊಟ್ಟಿ ಮುರಿದರು. ಕೊನೆಯ ನಾಲ್ಕು ರೊಟ್ಟಿ ಕುಂದಾಪುರದ ಮ್ಯಾನೇಜರಿಗೆ.

ಎರಡೂಕಾಲಿಗೆ ಕಾಲಿ-ಪೀಲಿ (ಕಪ್ಪು-ಹಳದಿ) ಟ್ಯಾಕ್ಸಿ ಐದು. ಬಲ್ಲಾರ್ಡ್ ಪಿಯರ್ ಅಲ್ಲಿಂದ ಎರಡು ಕಿಲೋಮೀಟರೂ ಇಲ್ಲ. ಮೀಟರಿಗೆ ಕನಿಷ್ಠ ದರ 31, ಸಾಮಾನಿಗೆ ಮೇಲೆ ಸ್ವಲ್ಪ. ಡ್ರೈವರಿಗೆ "ಗ್ರೀನ್ ಗೇಟ್" ಅನ್ನಿ, ಬಂದರಿನ ಗೇಟಿನ ಹೆಸರು ಅದು. ಬರೀ ಪೋರ್ಟ್ ಅಂದರೆ ಮುಂಬೈಯಲ್ಲಿ ಏರ್‌ಪೋರ್ಟ್ ಅಂದುಕೊಳ್ಳುವವರೂ ಇದ್ದಾರೆ.

ಮುಂದಿನ ಪ್ರಯೋಗ ಗೋವಾದಲ್ಲಿ ಇಳಿಯುವುದು. ಹಡಗಿನವರು ಒಂದೇ ಕಡೆಯ ಟಿಕೆಟ್ ಕೊಟ್ಟರೆ ವಾಸ್ಕೊದಿಂದ ಅಮರಾವತಿ ಎಕ್ಸ್‌ಪ್ರೆಸ್ ದೂಧಸಾಗರದ ಮೇಲೆ ನೇರ ಹುಬ್ಬಳ್ಳಿಗೆ ತರುತ್ತದೆ, ಮುಂಬೈಗೆ ಮರಳುವ ಖರ್ಚೇ ಇಲ್ಲ. ವಾರದಲ್ಲಿ ಎಲ್ಲ ದಿನ ಆ ರೈಲು ಇಲ್ಲ, ಹಡಗಿನ ದಿನಕ್ಕೆ ಹೊಂದಬೇಕು. ಅದನ್ನು ಕೂಡಿಸುತ್ತಾ ಕೂತಿದ್ದೇನೆ.

ಹೋದ ವಾರ ಆ ಹುಬ್ಬಳ್ಳಿಯ ಹಿರಿಯರು ಫೋನ್ ಮಾಡಿದ್ದರು. "ಅಕ್ಕಾರ, ಒಂಬತ್ತು ಮಂದಿ ಅದಾರ, ಆ ಲಾಡ್ಜಿನ ನಂಬರ್ ಕೊಡ್ರಲಾ." ನಂಬರ್ ಕೊಡಲಿಲ್ಲ. ಅವರ ಒಂಬತ್ತು ಮಂದಿಯನ್ನು ನನ್ನ ಬ್ಯಾಚಿಗೇ ಸೇರಿಸಿಕೊಂಡೆ, ತಲೆಗೆ ಇನ್ನೂರು ಕಮಿಷನ್ ಅವರಿಗೆ. ಬೀಗ ಇನ್ನೊಂದು ಡಜನ್ ತರಬೇಕು.